ಖಾಸಗಿ ಪೆಟ್ರೋಲ್ ಬಂಕ್‌ನಲ್ಲಿ ಡೀಸೆಲ್ ಖಾತೆ ತೆರೆಯಬಹುದಾ? ಗಂಗಾವತಿಯಿಂದ ಒಂದು ವಿಮರ್ಶೆ

ತೆರೆಯಬಹುದು. ಆದರೆ ಸರ್ಕಾರಿ ಕಂಪನಿಯ ಹಳೇ ಬಂಕ್‌ನ ಖಾತೆ ಮುಚ್ಚಬೇಡಿ.

ನಮ್ಮ ಕಡೆ ಗಾಡಿ ಇಟ್ಟುಕೊಂಡವರು ಒಬ್ಬರಾದ ಮೇಲೆ ಒಬ್ಬರು ಇದನ್ನೇ ಕೇಳುತ್ತಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಬಂಕ್ ಚೆನ್ನಾಗಿದೆಯಾ ಅನ್ನುವುದನ್ನು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಬಹುದು. ಕಷ್ಟ ಬಂದಾಗ ಅದು ಡೀಸೆಲ್ ಕೊಡುತ್ತದಾ ಅನ್ನುವುದಕ್ಕೆ ಮಾತ್ರ ಜಾಮ್‌ನಗರ, ಲಂಡನ್, ಮಾಸ್ಕೋ ತನಕ ಹೋಗಿ ಬರಬೇಕು.

ನಮ್ಮದು ಗಂಗಾವತಿ. ಮನೆಯಲ್ಲಿ ಎರಡು ಲಾರಿ, ಒಂದು ಟ್ರ್ಯಾಕ್ಟರ್, ಭತ್ತ ಕೊಯ್ಯುವ ಒಂದು ಚೈನ್ ಮಿಷನ್ ಇವೆ. ಲಾರಿಗಳು ಕಾರಟಗಿ, ಸಿಂಧನೂರು ಕಡೆಯ ಮಿಲ್‌ಗಳಿಂದ ಅಕ್ಕಿ ತುಂಬಿಕೊಂಡು ಹೊರಗಿನ ಊರುಗಳಿಗೆ ಹೋಗುತ್ತವೆ. ಬಾಡಿಗೆ ಹಿಡಿಯುವುದು, ಡ್ರೈವರ್‌ಗಳನ್ನು ನೋಡಿಕೊಳ್ಳುವುದು ನಮ್ಮ ಯಜಮಾನರು ಮತ್ತು ಮೈದುನ. ಡೀಸೆಲ್ ಲೆಕ್ಕ ಮಾತ್ರ ನನ್ನದು. ಮದುವೆಯಾಗಿ ಬಂದ ಮೇಲೆ ಮಾವನವರೇ ಲೆಕ್ಕದ ಪುಸ್ತಕ ನನ್ನ ಕೈಗೆ ಕೊಟ್ಟರು. ಯಾವ ಗಾಡಿ, ಎಷ್ಟು ಲೀಟರ್, ಯಾವ ಬಂಕ್, ಎಷ್ಟು ಕಿಲೋಮೀಟರ್ ಓಡಿತು, ಮಿಷನ್ ಎಷ್ಟು ಗಂಟೆ ನಡೆಯಿತು, ಎಲ್ಲಾ ಬರೆದಿಡುತ್ತೇನೆ. ಹಾಗಾಗಿ ಈ ವಿಷಯದಲ್ಲಿ ಸುಮ್ನೆ ಮಾತಾಡುತ್ತಿಲ್ಲ.

ಬರೆಯುತ್ತಿರುವುದು ಗಂಗಾವತಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಒಂದು ಖಾಸಗಿ ಕಂಪನಿಯ ಬಂಕ್ ಬಗ್ಗೆ. ಬೋರ್ಡಿನ ಹೆಸರು ಹಾಕುವುದಿಲ್ಲ. ಮುಂದೆ ಒಂದು ದೂರು ಬರುತ್ತದೆ. ಆ ದೂರಿನಲ್ಲಿ ಆ ಡೀಲರ್ ತಪ್ಪು ಏನೂ ಇಲ್ಲ, ಅವರಿಗೆ ನೋವಾಗುವುದು ನನಗೆ ಬೇಡ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಯಾಕೆಂದರೆ ಅದು ನಿಜವಾಗಿಯೂ ಒಳ್ಳೆಯದು.

ಹೆಂಗಸರ ಶೌಚಾಲಯದಿಂದಲೇ ಶುರು ಮಾಡುತ್ತೇನೆ. ಗಂಡಸರು ಬರೆಯುವ ಬಂಕ್ ವಿಮರ್ಶೆಗಳಲ್ಲಿ ಇದು ಇರುವುದೇ ಇಲ್ಲ. ಇಲ್ಲಿ ಹೆಂಗಸರದ್ದು ಬೇರೆ ಇದೆ, ಒಳಗಿನಿಂದ ಚಿಲಕ ಬೀಳುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ರಾತ್ರಿ ಲೈಟ್ ಉರಿಯುತ್ತದೆ. ಬೀಗ ಹಾಕಿ ಕೀಲಿ ಕೇಳಿಸಿಕೊಳ್ಳುವ ಪದ್ಧತಿ ಇಲ್ಲ. ನಿಯಮದ ಪ್ರಕಾರ ಎಲ್ಲಾ ಬಂಕ್‌ನಲ್ಲೂ ಶೌಚಾಲಯ, ಕುಡಿಯುವ ನೀರು, ಚಕ್ರಕ್ಕೆ ಗಾಳಿ ಪುಕ್ಕಟೆ ಇರಬೇಕು. ಇರಬೇಕು ಅನ್ನುವುದಕ್ಕೂ ಇರುವುದಕ್ಕೂ ಎಷ್ಟು ದೂರ ಅನ್ನುವುದು ಮಕ್ಕಳನ್ನು ಕರೆದುಕೊಂಡು ರಾಯಚೂರಿಗೆ ಕಾರಲ್ಲಿ ಹೋದ ಯಾವ ತಾಯಿಗಾದರೂ ಗೊತ್ತು. ಈ ಬಂಕ್‌ನಲ್ಲಿ ಮೂರೂ ಇವೆ. ಗಾಳಿ ಹಾಕುವ ಹುಡುಗ ದುಡ್ಡಿಗೆ ಕೈ ಚಾಚುವುದಿಲ್ಲ.

ಅಳತೆ ಸರಿಯಾಗಿದೆ. ಪ್ರತಿ ಬಂಕ್‌ನಲ್ಲೂ ಅಳತೆ ಇಲಾಖೆಯ ಮುದ್ರೆ ಇರುವ ಐದು ಲೀಟರ್ ಪಾತ್ರೆ ಇಡಲೇಬೇಕು. ಗಿರಾಕಿ ಕೇಳಿದರೆ ಅದಕ್ಕೆ ಹಾಕಿ ತೋರಿಸಬೇಕು. ಐದು ಲೀಟರ್‌ಗೆ 25 ಮಿಲಿಲೀಟರ್‌ಗಿಂತ ಜಾಸ್ತಿ ಕಡಿಮೆ ಬೀಳಬಾರದು. ನಾನು ಕೇಳಿದಾಗ ಹುಡುಗ ಮುಖ ಸಿಂಡರಿಸಲಿಲ್ಲ. ಪಾತ್ರೆ ಒರೆಸಿ ತಂದ, ಮೀಟರ್ ಸೊನ್ನೆ ತೋರಿಸಿದ, ನಿಧಾನಕ್ಕೆ ಹಾಕಿದ. ನೊರೆ ಇಳಿಯುವ ತನಕ ಕಾದು, "ನೋಡ್ರಿ ಅಕ್ಕಾರ, ಗೆರಿಗೆ ಬಂತು" ಅಂದ. ಗೆರೆಗೆ ಸರಿಯಾಗಿ ಬಂದಿತ್ತು. ಆಮೇಲೆ ಹೇಳದೆ ಕೇಳದೆ ಮತ್ತೆ ಕೆಲವು ಸಲ ನೋಡಿದ್ದೇನೆ, ಒಮ್ಮೆಯೂ ವ್ಯತ್ಯಾಸ ಬಂದಿಲ್ಲ.

ಡೆನ್ಸಿಟಿ, ಅಂದರೆ ಎಣ್ಣೆಯ ಸಾಂದ್ರತೆ, ದಿನಾ ಬೋರ್ಡಿನ ಮೇಲೆ ಬರೆಯುತ್ತಾರೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ. ಟ್ಯಾಂಕರ್ ಜೊತೆ ಬರುವ ಚಲನ್‌ನಲ್ಲಿ ಡೀಸೆಲ್ ಡೆನ್ಸಿಟಿ ಬರೆದಿರುತ್ತದೆ. ಬಂಕ್‌ನವರು ಅಳೆದು, 15 ಡಿಗ್ರಿ ಉಷ್ಣಾಂಶಕ್ಕೆ ಲೆಕ್ಕ ಹಾಕಿದಾಗ ಎರಡಕ್ಕೂ ಘನ ಮೀಟರ್‌ಗೆ 3 ಕೆಜಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಜಾಸ್ತಿ ಇದ್ದರೆ ಏನೋ ಬೆರಕೆ ಆಗಿದೆ ಅಂತ ಅನುಮಾನಪಡಬೇಕು. ಚಲನ್ ತೋರಿಸಿ ಅಂದೆ, ಮ್ಯಾನೇಜರ್ ಫೈಲ್ ತಂದು ಮುಂದೆ ಇಟ್ಟರು. ನಮ್ಮ ಲಾರಿಗಳ ಮೈಲೇಜ್ ಸರ್ಕಾರಿ ಕಂಪನಿಯ ಬಂಕ್‌ನ ಡೀಸೆಲ್‌ನಲ್ಲಿ ಎಷ್ಟು ಇತ್ತೋ ಇಲ್ಲೂ ಅಷ್ಟೇ ಬಂತು. "ಖಾಸಗಿ ಡೀಸೆಲ್ ಹಗುರ, ಬೇಗ ಉರಿಯುತ್ತೆ" ಅನ್ನುವ ಮಾತು ನನ್ನ ಪುಸ್ತಕದಲ್ಲಿ ನಿಲ್ಲುವುದಿಲ್ಲ. ಸರ್ಕಾರಿ ಕಂಪನಿಗಳು ತಮ್ಮ ಬಂಕ್‌ಗಳಿಗೆ ಬೇಕಾದ ಎಣ್ಣೆಯಲ್ಲಿ ಒಂದು ಪಾಲನ್ನು ಖಾಸಗಿ ರಿಫೈನರಿಗಳಿಂದಲೇ (ಕಚ್ಚಾ ತೈಲ ಸಂಸ್ಕರಿಸುವ ಕಾರ್ಖಾನೆಗಳಿಂದ) ಕೊಳ್ಳುತ್ತವೆ.

ಬಿಲ್ ಕೇಳದೆಯೇ ಕೊಡುತ್ತಾರೆ. ಖಾತೆ ತೆರೆದಾಗ ಕೊಡುವ ಕಾರ್ಡ್‌ನಲ್ಲಿ ಹಾಕಿಸಿದರೆ ಗಾಡಿ ನಂಬರ್ ಸಮೇತ ನನ್ನ ಮೊಬೈಲಿಗೆ ಮೆಸೇಜ್ ಬರುತ್ತದೆ. ಲಾರಿ ಎಲ್ಲೋ ಇದ್ದರೂ ಮನೆಯಲ್ಲಿ ಕೂತು ಲೆಕ್ಕ ಬರೆಯಬಹುದು. ಇದೊಂದು ನನಗೆ ತುಂಬಾ ದೊಡ್ಡ ಅನುಕೂಲ. ಮುಂಚೆ ಡ್ರೈವರ್ ತಂದ ಚೀಟಿ ಬೆವರಿಗೆ ಅಳಿಸಿ ಹೋಗಿರುತ್ತಿತ್ತು.

ರೇಟಿನ ವಿಷಯ. ಬಹುತೇಕ ದಿನ ಎರಡೂ ಕಡೆ ಒಂದೇ, ಪೈಸೆಗಳಲ್ಲಿ ಅತ್ತಿತ್ತ. ಕಚ್ಚಾ ತೈಲ ಇಳಿದಾಗ ಖಾಸಗಿಯವರು ಸ್ವಲ್ಪ ಬಿಡುತ್ತಾರೆ. 2023ರ ಜೂನ್‌ನಲ್ಲಿ ನಯಾರಾ ಅನ್ನುವ ಖಾಸಗಿ ಎಣ್ಣೆ ಕಂಪನಿ ಸರ್ಕಾರಿ ಬಂಕ್‌ಗಿಂತ ಲೀಟರ್‌ಗೆ ಒಂದು ರೂಪಾಯಿ ಕಡಿಮೆಗೆ ಮಾರಿತು. ಒಂದು ರೂಪಾಯಿ ಅಂದರೆ ಬೈಕಿನವರಿಗೆ ಏನೂ ಅನ್ನಿಸುವುದಿಲ್ಲ. ಗಂಟೆಗೆ ಹತ್ತು ಲೀಟರ್ ಹತ್ತಿರ ಕುಡಿಯುವ ಮಿಷನ್ ಇಟ್ಟುಕೊಂಡವರಿಗೆ ಅನ್ನಿಸುತ್ತದೆ. ಅದರ ಮೇಲೆ ನಮ್ಮ ರಾಜ್ಯದ ಮಾರಾಟ ತೆರಿಗೆ ಡೀಸೆಲ್ ಮೇಲೆ 2024ರ ಜೂನ್‌ನಲ್ಲಿ ಶೇಕಡ 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿತು. ಆ ತೆರಿಗೆ ಯಾವ ಬೋರ್ಡಿಗೂ ಬೇರೆ ಬೇರೆ ಇಲ್ಲ.

ಉದ್ರಿ ಮಾತ್ರ ಇಲ್ಲಿ ಸಿಗುವುದಿಲ್ಲ. ಕಾರ್ಡಿಗೆ ಮೊದಲು ದುಡ್ಡು ತುಂಬಬೇಕು. ನಮ್ಮ ದಂಧೆಯಲ್ಲಿ ಇದು ಕಷ್ಟ. ರೈತ ಭತ್ತ ಮಾರಿದ ಮೇಲೆ ಮಿಷನ್ ಬಾಡಿಗೆ ಕೊಡುತ್ತಾನೆ. ವ್ಯಾಪಾರಿ ಭತ್ತದ ದುಡ್ಡು ಕೊಡುವುದು ಇನ್ನೂ ತಡ. ನಡುವೆ ಡೀಸೆಲ್ ಅಂತೂ ದಿನಾ ಬೇಕು. ಊರೊಳಗಿನ ಹಳೇ ಬಂಕ್‌ನ ಯಜಮಾನರು ಮಾವನವರ ಕಾಲದಿಂದ ಪುಸ್ತಕದಲ್ಲಿ ಬರೆದುಕೊಂಡು ಕೊಡುತ್ತಾರೆ. ಆ ಉದ್ರಿ ಕೊಡುವುದು ಡೀಲರ್ ತಮ್ಮ ಸ್ವಂತ ಜವಾಬ್ದಾರಿಯ ಮೇಲೆ, ಕಂಪನಿ ಕೊಡುವುದಲ್ಲ. ಅವರ ಶೌಚಾಲಯದ ಬಗ್ಗೆ ನಾನು ಏನೂ ಬರೆಯುವುದಿಲ್ಲ.

ಈಗ 2022ರ ಬೇಸಿಗೆ ಸುಗ್ಗಿಯ ಮಾತು.

ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಭಾಗದಲ್ಲಿ ಎರಡನೇ ಬೆಳೆ ಏಪ್ರಿಲ್, ಮೇ ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಎಲ್ಲರ ಗದ್ದೆಯೂ ಒಂದೇ ಸಲ ಹಣ್ಣಾಗುತ್ತದೆ. ತಮಿಳುನಾಡಿನಿಂದ ಮಿಷನ್‌ಗಳು ಸಾಲಾಗಿ ಬಂದಿರುತ್ತವೆ. ಅದೇ ಹೊತ್ತಿಗೆ ಮೋಡ ಹಾಕುತ್ತದೆ. ಆಲಿಕಲ್ಲು ಬಿದ್ದರೆ ಒಂದು ರಾತ್ರಿಯಲ್ಲಿ ಕಾಳು ಮಣ್ಣು ಪಾಲು. ಆ ದಿನಗಳಲ್ಲಿ ಮಿಷನ್ ಒಂದು ಗಂಟೆ ನಿಂತರೂ ಗದ್ದೆಯವನ ಹೊಟ್ಟೆ ಉರಿಯುತ್ತದೆ. ಅದು ನ್ಯಾಯವಾದ ಸಿಟ್ಟು.

ಆ ವರ್ಷ ಈ ಬಂಕ್‌ನಲ್ಲಿ ಮೊದಲು ಗಾಡಿಗೆ ಇಷ್ಟೇ ರೂಪಾಯಿಯದು ಅಂತ ಮಿತಿ ಬಂತು. ಆಮೇಲೆ ರೇಟ್ ಸರ್ಕಾರಿ ಬಂಕ್‌ಗಿಂತ ಮೇಲೆ ಹೋಯಿತು. ಆಮೇಲೆ ನಾಜಲ್‌ಗಳಿಗೆ ಗೋಣಿಚೀಲ ಸುತ್ತಿದರು. ನಮ್ಮ ಮಿಷನ್ ಕಾರಟಗಿ ಹತ್ತಿರದ ಒಂದು ಕ್ಯಾಂಪಿನ ಗದ್ದೆಯಲ್ಲಿ ನಿಂತಿತ್ತು. ಮೈದುನ ಬಂಕ್‌ನಿಂದಲೇ ಫೋನ್ ಮಾಡಿ ಮ್ಯಾನೇಜರ್ ಕೈಗೆ ಕೊಟ್ಟ. "ಸ್ಟಾಕ್ ಇಲ್ರಿ ಅಕ್ಕಾರ. ಇಂಡೆಂಟ್ ಹಾಕೀವಿ, ದುಡ್ಡೂ ಕಟ್ಟೀವಿ. ಕಂಪನಿಯವ್ರು ಟ್ಯಾಂಕರ್ ಬಿಡವಲ್ರು" ಅಂದರು. ಅವರ ದನಿಯಲ್ಲಿ ಅಳು ಇತ್ತು. ಸಾಲ ಮಾಡಿ ಬಂಕ್ ಕಟ್ಟಿಸಿದ ಡೀಲರ್, ಸಂಬಳ ಕಾಯುವ ಹುಡುಗರು, ಎಲ್ಲರೂ ಖಾಲಿ ಟ್ಯಾಂಕ್ ಮೇಲೆ ಕೂತಿದ್ದರು.

ಕಾರ್ಡಿನಲ್ಲಿ ನಮ್ಮ ದುಡ್ಡು ಇತ್ತು. ಡೀಸೆಲ್ ಇರಲಿಲ್ಲ. ಕೊನೆಗೆ ಊರೊಳಗಿನ ಹಳೇ ಬಂಕ್‌ಗೆ ಹೋದರು. ಅಲ್ಲಿ ರಸ್ತೆ ತನಕ ಸಾಲು. ಕಾರ್ಖಾನೆಗಳಿಗೆ ಸಗಟಾಗಿ ಕೊಡುವ ಡೀಸೆಲ್ ರೇಟನ್ನು ಆ ಮಾರ್ಚ್‌ನಲ್ಲಿ ಲೀಟರ್‌ಗೆ ₹25ರಷ್ಟು ಏರಿಸಿದ್ದರಿಂದ ಅವರ ಗಾಡಿಗಳೂ ಬಂಕ್‌ಗೇ ಬಂದಿದ್ದವು. ಕಾದರು, ಸಿಕ್ಕಿತು. ಮಿಷನ್ ರಾತ್ರಿ ಲೈಟ್ ಹಾಕಿಕೊಂಡು ಓಡಿತು.

ಡೀಸೆಲ್ ಎಲ್ಲಿ ಹೋಗಿತ್ತು ಅಂತ ನಾನು ಆಗಿನಿಂದ ಓದುತ್ತಾ ಬಂದಿದ್ದೇನೆ. ಪೇಪರಿನ ವಾಣಿಜ್ಯ ಪುಟವನ್ನು ಈಗ ರಾಶಿ ಭವಿಷ್ಯಕ್ಕಿಂತ ಮೊದಲು ನೋಡುತ್ತೇನೆ. ನನಗೆ ಅರ್ಥ ಆಗಿರುವುದು ಹೀಗಿದೆ.

2022ರ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ಯುದ್ಧಕ್ಕೆ ಇಳಿಯಿತು. ಕಚ್ಚಾ ತೈಲ ಬ್ಯಾರಲ್‌ಗೆ ನೂರು ಡಾಲರ್ ದಾಟಿತು. ಇಲ್ಲಿ ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಮೂರೂ 2021ರ ನವೆಂಬರ್‌ನಿಂದ ರೇಟ್ ಮುಟ್ಟಿರಲಿಲ್ಲ. ಕಾಗದದ ಮೇಲೆ ಡೀಸೆಲ್ ದರ 2014ರ ಅಕ್ಟೋಬರ್‌ನಿಂದಲೇ ಕಂಪನಿಗಳ ಕೈಯಲ್ಲಿದೆ. ಆದರೂ ಮಾರ್ಚ್ 22ರ ತನಕ ಏರಲಿಲ್ಲ. ಆಮೇಲೆ ಎರಡು ವಾರದಲ್ಲಿ ಹತ್ತು ರೂಪಾಯಿ ಏರಿಸಿ, ಏಪ್ರಿಲ್ 6ಕ್ಕೆ ಮತ್ತೆ ನಿಲ್ಲಿಸಿದರು. ದೇಶದ ಬಂಕ್‌ಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಈ ಮೂವರದ್ದು. ಅವರು ನಿಲ್ಲಿಸಿದಾಗ ಖಾಸಗಿಯವರು ಏರಿಸಿದರೆ ಗಿರಾಕಿಗಳು ಬಿಟ್ಟು ಹೋಗುತ್ತಾರೆ. ಏರಿಸದಿದ್ದರೆ ಪ್ರತಿ ಲೀಟರ್‌ಗೂ ನಷ್ಟ. ಅವರ ಮುಂದೆ ಇನ್ನೊಂದು ದಾರಿ ಇತ್ತು: ಇಲ್ಲಿ ಕಡಿಮೆ ಮಾರುವುದು, ಹೊರದೇಶಕ್ಕೆ ಹೆಚ್ಚು ಮಾರುವುದು.

ಆ ದಾರಿ ಎಷ್ಟು ಅಗಲ ಅಂತ ತಿಳಿಯಲು ಜಾಮ್‌ನಗರ ನೋಡಬೇಕು. ಗುಜರಾತಿನ ಆ ಊರಲ್ಲಿ ರಿಲಯನ್ಸ್ 1999ರಲ್ಲಿ ಒಂದು ರಿಫೈನರಿ, 2008ರಲ್ಲಿ ಪಕ್ಕದಲ್ಲೇ ರಫ್ತಿಗೆ ಅಂತಲೇ ಇನ್ನೊಂದು ಶುರು ಮಾಡಿತು. ಎರಡೂ ಸೇರಿ ದಿನಕ್ಕೆ 12.4 ಲಕ್ಷ ಬ್ಯಾರಲ್ ಸಂಸ್ಕರಿಸಬಲ್ಲವು. ಒಂದು ಬ್ಯಾರಲ್ ಅಂದರೆ 159 ಲೀಟರ್. ಒಂದೇ ಜಾಗದಲ್ಲಿ ಇಷ್ಟು ದೊಡ್ಡದು ಜಗತ್ತಿನಲ್ಲಿ ಬೇರೆ ಇಲ್ಲ. ಆದರೆ ಅದೇ ಕಂಪನಿ ಬ್ರಿಟನ್ನಿನ ಬಿಪಿ ಅನ್ನುವ ಎಣ್ಣೆ ಕಂಪನಿ ಜೊತೆ ಸೇರಿ ನಡೆಸುವ ಜಿಯೋ-ಬಿಪಿ ಬಂಕ್‌ಗಳು ದೇಶಕ್ಕೆಲ್ಲ ಎರಡು ಸಾವಿರದ ಸುಮಾರು. ಇಂಡಿಯನ್ ಆಯಿಲ್ ಒಂದರದ್ದೇ ನಲವತ್ತು ಸಾವಿರದ ಸುಮಾರು. ಅಂದರೆ ಆ ರಿಫೈನರಿ ಕಟ್ಟಿರುವುದೇ ನಮ್ಮ ರಸ್ತೆಗಿಂತ ಹಡಗಿನ ದಾರಿ ನೋಡಿಕೊಂಡು. ಅದು ಅವರ ವ್ಯಾಪಾರ. ಅದರಲ್ಲಿ ಕಾನೂನು ತಪ್ಪಿದ್ದು ಏನೂ ಇಲ್ಲ. ರೈತನ ಸುಗ್ಗಿ ಅವರ ಲೆಕ್ಕದಲ್ಲಿ ಎಲ್ಲಿ ಬರುತ್ತದೆ ಅನ್ನುವುದನ್ನು ಮಾತ್ರ ನಾವು ತಿಳಿದುಕೊಂಡಿರಬೇಕು.

ಸರ್ಕಾರಕ್ಕೂ ಇದು ಕಂಡಿತು. 2022ರ ಜೂನ್‌ನಲ್ಲಿ ಒಂದು ಆದೇಶ ಮಾಡಿತು. ಲೈಸೆನ್ಸ್ ತೆಗೆದುಕೊಂಡ ಮೇಲೆ ಎಲ್ಲಾ ಬಂಕ್‌ನಲ್ಲೂ ನಿಗದಿ ಮಾಡಿದ ಹೊತ್ತಿನಲ್ಲಿ, ನ್ಯಾಯವಾದ ಬೆಲೆಗೆ ಪೆಟ್ರೋಲ್ ಡೀಸೆಲ್ ಇರಲೇಬೇಕು. ಮುಂಚೆ ಈ ಕಡ್ಡಾಯ ದೂರದ ಊರುಗಳ ಬಂಕ್‌ಗಳಿಗಷ್ಟೇ ಇತ್ತು, ಈಗ ಎಲ್ಲಕ್ಕೂ ಬಂತು. ಜುಲೈ 1ಕ್ಕೆ ರಫ್ತಿನ ಪೆಟ್ರೋಲ್ ಮೇಲೆ ಲೀಟರ್‌ಗೆ ₹6, ಡೀಸೆಲ್ ಮೇಲೆ ₹13 ತೆರಿಗೆ ಹಾಕಿದರು. ರಫ್ತು ಮಾಡುವ ಡೀಸೆಲ್‌ನ ಶೇಕಡ 30ರಷ್ಟನ್ನು ದೇಶದೊಳಗೂ ಮಾರಬೇಕು ಅಂದರು. ನಮ್ಮ ಭತ್ತ ಅಷ್ಟರಲ್ಲಿ ಗೋದಾಮು ಸೇರಿತ್ತು. ಆದರೂ ಆ ಆದೇಶ ಬಹಳ ಮುಖ್ಯ. ಅದು ಇರುವುದರಿಂದಲೇ ಇವತ್ತು ಗಿರಾಕಿಯಾಗಿ ನಾನು ಗಟ್ಟಿಯಾಗಿ ಕೇಳಬಹುದು.

ಹಿಂದೆಯೂ ಹೀಗೇ ಆಗಿತ್ತು. 2008ರಲ್ಲಿ ಕಚ್ಚಾ ತೈಲ 147 ಡಾಲರ್‌ಗೆ ಹೋದಾಗ ರಿಲಯನ್ಸ್ ತನ್ನ ಬಂಕ್‌ಗಳನ್ನು ದೇಶದ ತುಂಬಾ ಮುಚ್ಚಿತು. ಕಡಿಮೆ ಬೆಲೆಗೆ ಮಾರುವ ಸರ್ಕಾರಿ ಕಂಪನಿಗಳ ನಷ್ಟವನ್ನು ಸರ್ಕಾರ ಬಾಂಡ್ (ಸಾಲಪತ್ರ) ಕೊಟ್ಟು ತುಂಬುತ್ತಿತ್ತು, ಖಾಸಗಿಯವರಿಗೆ ಅದು ಇರಲಿಲ್ಲ. ಅವರ ಕಡೆಯಿಂದ ನೋಡಿದರೆ ಅದೂ ಅನ್ಯಾಯವೇ.

ಖಾಸಗಿ, ಸರ್ಕಾರಿ ಅಂತ ನಾವು ಸುಲಭವಾಗಿ ಹೇಳುತ್ತೇವೆ, ಆದರೆ ಈ ಎಣ್ಣೆಯ ಲೋಕದಲ್ಲಿ ಎರಡೂ ಮಗ್ಗಲು ಬದಲಿಸುತ್ತಲೇ ಇರುತ್ತವೆ. ನಮ್ಮ ಅಜ್ಜಿಯ ಕಾಲದವರು ಬರ್ಮಾ ಶೆಲ್ ಸೀಮೆಎಣ್ಣೆ ಡಬ್ಬದ ಹೆಸರು ಹೇಳುತ್ತಿದ್ದರು. ಅದು ಪರದೇಶದ ಖಾಸಗಿ ಕಂಪನಿ. 1976ರ ಜನವರಿಯಲ್ಲಿ ನಮ್ಮ ಸರ್ಕಾರ ಅದನ್ನು ತೆಗೆದುಕೊಂಡಿತು, ಅದೇ ಇವತ್ತಿನ ಭಾರತ್ ಪೆಟ್ರೋಲಿಯಂ. ಎಸ್ಸೊ ಕಂಪನಿ 1974ರಲ್ಲೇ ಹಿಂದೂಸ್ತಾನ್ ಪೆಟ್ರೋಲಿಯಂ ಆಗಿತ್ತು. ವೆನೆಜುವೆಲಾ ತನ್ನ ಎಣ್ಣೆಯನ್ನು ಸರ್ಕಾರದ ಕೈಗೆ ತೆಗೆದುಕೊಂಡದ್ದೂ ಅದೇ 1976ರ ಜನವರಿಯಲ್ಲಿ. ಸೌದಿಯವರು 1980ರ ಹೊತ್ತಿಗೆ ತಮ್ಮ ನೆಲದ ಎಣ್ಣೆ ತೆಗೆಯುತ್ತಿದ್ದ ಅರಾಮ್ಕೊ ಕಂಪನಿಯನ್ನು ಪೂರ್ತಿ ಕೊಂಡರು. ಆ ಹತ್ತು ವರ್ಷದಲ್ಲಿ ದೇಶದೇಶದ ಸರ್ಕಾರಗಳು ಎಣ್ಣೆ ಬಾವಿಗೆ ತಮ್ಮ ಬೀಗ ಹಾಕಿದವು.

ಬರ್ಮಾ ಶೆಲ್‌ನಲ್ಲಿ ಪಾಲಿದ್ದ ಬರ್ಮಾ ಆಯಿಲ್ ಕಂಪನಿಯೇ 1909ರಲ್ಲಿ ಪರ್ಷಿಯಾದ (ಇವತ್ತಿನ ಇರಾನ್) ಎಣ್ಣೆಗಾಗಿ ಇನ್ನೊಂದು ಕಂಪನಿ ಹುಟ್ಟುಹಾಕಿತ್ತು. 1914ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ಯುದ್ಧ ಹಡಗುಗಳ ಎಣ್ಣೆಗಾಗಿ ಅದರ ಅರ್ಧಕ್ಕಿಂತ ಜಾಸ್ತಿ ಪಾಲು ಕೊಂಡಿತು. ಅದೇ ಮುಂದೆ ಬಿಪಿ ಆಯಿತು. 1987ರಲ್ಲಿ ಬ್ರಿಟನ್ ತನ್ನ ಕೊನೆಯ ದೊಡ್ಡ ಪಾಲನ್ನೂ ಮಾರಿತು. ಹೀಗಾಗಿ ಇವತ್ತು ರಸ್ತೆಯ ಆಚೆ ಬದಿ ಒಂದು ಭಾರತ್ ಪೆಟ್ರೋಲಿಯಂ, ಈಚೆ ಬದಿ ಒಂದು ಜಿಯೋ-ಬಿಪಿ ಕಂಡರೆ, ಎರಡರ ಬೇರಿನಲ್ಲೂ ಅದೇ ಹಳೇ ಬರ್ಮಾ ಕಂಪನಿ ಇದೆ. ಒಂದು ಖಾಸಗಿಯಿಂದ ಸರ್ಕಾರಿ ಆಯಿತು, ಇನ್ನೊಂದು ಸರ್ಕಾರಿಯಿಂದ ಖಾಸಗಿ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿ ಕೂಡ ಬಿರ್ಲಾ ಗುಂಪಿನ ಪಾಲು ಇದ್ದದ್ದು, 2003ರಲ್ಲಿ ಸರ್ಕಾರಿ ಕಂಪನಿ ಒಎನ್‌ಜಿಸಿ ಕೈಗೆ ಬಂತು.

ಈಗ ಗಾಳಿ ಮತ್ತೆ ಖಾಸಗಿ ಕಡೆಗೆ ಬೀಸುತ್ತಿದೆ. ಅಮೆರಿಕದಲ್ಲಿ ಖಾಸಗಿ ಕಂಪನಿಗಳು ಕಲ್ಲಿನ ಪದರ ಒಡೆದು ಎಣ್ಣೆ ತೆಗೆಯುವುದನ್ನು ಕಲಿತವು. 2018ರಲ್ಲಿ ಆ ದೇಶ ಕಚ್ಚಾ ತೈಲ ತೆಗೆಯುವುದರಲ್ಲಿ ಜಗತ್ತಿಗೆ ಮೊದಲಾಯಿತು. ಅಲ್ಲಿನ ಎಕ್ಸಾನ್‌ಮೊಬಿಲ್ 2024ರಲ್ಲಿ ಪಯನೀರ್ ಅನ್ನುವ ಇನ್ನೊಂದು ಕಂಪನಿಯನ್ನೇ ಸುಮಾರು 6,000 ಕೋಟಿ ಡಾಲರ್‌ಗೆ ಕೊಂಡಿತು. ಅದೇ ಕಂಪನಿ ಗಯಾನಾ ಅನ್ನುವ ಚಿಕ್ಕ ದೇಶದ ಸಮುದ್ರದಲ್ಲಿ 2015ರಲ್ಲಿ ಎಣ್ಣೆ ಹುಡುಕಿ, 2019ರ ಕೊನೆಗೆ ತೆಗೆಯಲು ಶುರು ಮಾಡಿತು.

ನನಗೆ ಹೆಚ್ಚು ದಿಗಿಲಾಗುವುದು ಹೆಸರೇ ಕೇಳದ ಕಂಪನಿಗಳ ಬಗ್ಗೆ. ವಿಟೋಲ್ ಅಂತ ಒಂದಿದೆ. ಬಾವಿ, ಬೋರ್ಡು ಇವುಗಳಿಂದ ಅದು ಹೆಸರಾದದ್ದಲ್ಲ. ಎಣ್ಣೆ ಕೊಂಡು ಮಾರುವುದೇ ಅದರ ಮುಖ್ಯ ಕೆಲಸ. ದಿನಕ್ಕೆ 70 ಲಕ್ಷ ಬ್ಯಾರಲ್‌ಗೂ ಹೆಚ್ಚು ಅದರ ಕೈ ದಾಟುತ್ತದೆ. ಇಡೀ ಭಾರತ ದಿನಕ್ಕೆ ಬಳಸುವುದು ಅದಕ್ಕಿಂತ ಕಡಿಮೆ. ಕಂಪನಿ ಅದರಲ್ಲಿ ಕೆಲಸ ಮಾಡುವವರದ್ದೇ, ಷೇರು ಪೇಟೆಯಲ್ಲಿ ಇಲ್ಲ. ಹಾಗಾಗಿ ಅದರ ಲೆಕ್ಕ ಹೊರಗಿನವರಿಗೆ ಕಾಣುವುದು ಕಡಿಮೆ. ನಮ್ಮ ಎಪಿಎಂಸಿಯಲ್ಲಿ ಭತ್ತದ ದಲಾಲರು ಇದ್ದ ಹಾಗೆ ಇವರು ಜಗತ್ತಿನ ಎಣ್ಣೆಗೆ ದಲಾಲರು. ಎಪಿಎಂಸಿಯಲ್ಲಾದರೂ ಬೋರ್ಡಿನ ಮೇಲೆ ಇವತ್ತಿನ ಧಾರಣೆ ಬರೆಯುತ್ತಾರೆ, ಜಗಳ ಆದರೆ ಕೇಳಲು ಕಾರ್ಯದರ್ಶಿ ಇರುತ್ತಾರೆ.

ನಯಾರಾ ಕಥೆ ಇನ್ನೂ ಹತ್ತಿರದ್ದು. ಎಸ್ಸಾರ್ ಆಯಿಲ್ ಆಗಿದ್ದ ಅದನ್ನು 2017ರಲ್ಲಿ ರಷ್ಯಾದ ರೋಸ್ನೆಫ್ಟ್ ಮತ್ತು ಇನ್ನೊಂದು ಗುಂಪು ಸುಮಾರು 1,290 ಕೋಟಿ ಡಾಲರ್‌ಗೆ ಕೊಂಡವು. ಆ ಗುಂಪಿನಲ್ಲಿ ಟ್ರಾಫಿಗುರಾ ಅನ್ನುವ ಇಂಥದ್ದೇ ದಲಾಲಿ ಕಂಪನಿಯೂ ಇತ್ತು. ರೋಸ್ನೆಫ್ಟ್ ಪಾಲು ಶೇಕಡ 49.13. ರೋಸ್ನೆಫ್ಟ್ ಅಂದರೆ ರಷ್ಯಾ ಸರ್ಕಾರದ ಹಿಡಿತದ ಕಂಪನಿ. ಹಾಗಾದರೆ 6,500ಕ್ಕೂ ಹೆಚ್ಚಿರುವ ಆ ಬಂಕ್‌ಗಳನ್ನು ಖಾಸಗಿ ಅನ್ನಬೇಕಾ, ಬೇರೆ ದೇಶದ ಸರ್ಕಾರದ್ದು ಅನ್ನಬೇಕಾ? 2025ರ ಜುಲೈ 18ಕ್ಕೆ ಯುರೋಪಿನ ಒಕ್ಕೂಟ ನಯಾರಾ ಮೇಲೆ ನಿರ್ಬಂಧ ಹಾಕಿತು. ಅದಾದ ಕೆಲವೇ ದಿನದಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯ ಕಂಪ್ಯೂಟರ್ ಸೇವೆಯನ್ನೇ ನಿಲ್ಲಿಸಿತು. ನಯಾರಾ ದೆಹಲಿ ಹೈಕೋರ್ಟಿಗೆ ಹೋಯಿತು, ಸೇವೆ ಮತ್ತೆ ಬಂತು. ಗುಜರಾತಿನ ರಿಫೈನರಿ ಕಂಪನಿಯ ಕಂಪ್ಯೂಟರ್ ಕೆಲಸವನ್ನು ಅಮೆರಿಕದ ಒಂದು ಸಾಫ್ಟ್‌ವೇರ್ ಕಂಪನಿ ಒಂದು ಸ್ವಿಚ್‌ನಿಂದ ತಡೆಯಬಹುದು ಅಂತ ಆಗ ಗೊತ್ತಾಯಿತು. ಇಂಥ ಕಂಪನಿಗಳ ಬಂಕ್‌ಗಳಿಂದಲೇ ನಮ್ಮ ಊರ ಗಾಡಿಗಳು ಓಡುತ್ತವೆ.

ಇಷ್ಟೆಲ್ಲ ಓದಿ ಸರ್ಕಾರಿ ಕಂಪನಿಗಳನ್ನು ಹೊಗಳುತ್ತಿದ್ದಾಳೆ ಅಂದುಕೊಳ್ಳಬೇಡಿ. 2022ರ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಆ ಮೂರೂ ಕಂಪನಿ ಸೇರಿ ₹21,200 ಕೋಟಿ ನಷ್ಟ ತೋರಿಸಿದವು. ಸರಿ, ಆ ನಷ್ಟದಲ್ಲಿ ನಮ್ಮ ಸುಗ್ಗಿ ನಡೆಯಿತು, ಅದಕ್ಕೆ ಋಣಿ. ಆಮೇಲೆ ಕಚ್ಚಾ ತೈಲ ಇಳಿಯಿತು. ಬಂಕ್ ರೇಟ್ ಇಳಿಯಲಿಲ್ಲ. 2024ರ ಮಾರ್ಚ್‌ನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ₹2 ಇಳಿಸಿದರು. 2023-24ರಲ್ಲಿ ಮೂವರ ಲಾಭ ಸೇರಿ ₹81,000 ಕೋಟಿ ಹತ್ತಿರ. ಕೊಟ್ಟಿದ್ದಕ್ಕಿಂತ ಜಾಸ್ತಿಯೇ ನಮ್ಮಿಂದ ವಾಪಸ್ ತೆಗೆದುಕೊಂಡರು. ಆ ಎರಡು ರೂಪಾಯಿಗೆ ಮುಂಚೆ ಒಂದು ರೂಪಾಯಿಯಾದರೂ ಬಿಟ್ಟದ್ದು ಖಾಸಗಿಯವರೇ.

ಆದರೂ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. 2019ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭಾರತ್ ಪೆಟ್ರೋಲಿಯಂನಲ್ಲಿನ ತನ್ನ ಶೇಕಡ 53.29 ಪಾಲನ್ನು ಪೂರ್ತಿ ಮಾರಲು ಒಪ್ಪಿತ್ತು. 2022ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟಿತು. ನಾವು ಊರೊಳಗಿನ ಬಂಕ್ ಮುಂದೆ ಸಾಲಿನಲ್ಲಿ ನಿಂತ ಅದೇ ಹಂಗಾಮಿನಲ್ಲಿ. ಕೈಬಿಟ್ಟಿದ್ದು ಒಳ್ಳೆಯದಾಯಿತು. ಖಾಸಗಿ ಬಂಕ್‌ಗಳು ಹತ್ತರಲ್ಲಿ ಒಂದು ಇರುವಾಗ ಅವು ಬಾಗಿಲು ಹಾಕಿದರೆ ಸಾಲಿನಲ್ಲಿ ನಿಂತಾದರೂ ಡೀಸೆಲ್ ಸಿಗುತ್ತದೆ. ಹತ್ತರಲ್ಲಿ ನಾಲ್ಕು ಆಗಿದ್ದರೆ ಆ ರಾತ್ರಿ ನಮ್ಮ ಮಿಷನ್ ಗದ್ದೆಯಲ್ಲೇ ನಿಲ್ಲುತ್ತಿತ್ತು. ಖಾಸಗಿಯವರು ಬೆಳೆಯಲಿ, ಅವರಿಂದಲೇ ಶೌಚಾಲಯ ಶುಚಿಯಾಗಿದ್ದು, ಅಳತೆ ಸರಿಯಾಗಿದ್ದು. ಪೈಪೋಟಿ ಬಂದ ಮೇಲೆ ಊರೊಳಗಿನ ಬಂಕ್‌ನಲ್ಲೂ ಬಿಲ್ ಮಿಷನ್ ಬಂತು. ಆದರೆ ಅವರು ಬೆಳೆದಷ್ಟೂ 2022ರ ಆ ಆದೇಶ ಬಿಗಿಯಾಗಬೇಕು. ಲಾಭದ ತಿಂಗಳಲ್ಲಿ ಬೋರ್ಡ್ ಹಾಕಿ ನಷ್ಟದ ತಿಂಗಳಲ್ಲಿ ಗೋಣಿಚೀಲ ಸುತ್ತುವುದಕ್ಕೆ ಲೈಸೆನ್ಸ್ ಇರಬಾರದು.

ಸುಗ್ಗಿಗೆ ಮುಂಚೆ ಗೊಬ್ಬರದ ದಾಸ್ತಾನು ನೋಡುತ್ತಾರಲ್ವಾ, ಡೀಸೆಲ್ ದಾಸ್ತಾನನ್ನೂ ಹಾಗೇ ನೋಡಲಿ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯ ಅಧಿಕಾರಿಗಳು ಏಪ್ರಿಲ್‌ಗೆ ಮುಂಚೆ ಖಾಸಗಿ ಕಂಪನಿಗಳ ಪ್ರತಿನಿಧಿಗಳನ್ನೂ ಕರೆಸಿ ಕೂರಿಸಲಿ. ಡೀಲರ್ ದುಡ್ಡು ಕಟ್ಟಿದ ಮೇಲೆ ಎಷ್ಟು ಹೊತ್ತಿನಲ್ಲಿ ಟ್ಯಾಂಕರ್ ಬರಬೇಕು ಅಂತ ಬರೆದು ಕೊಡಲಿ. ಇದನ್ನು ನಮ್ಮ ಲಾರಿ ಮಾಲೀಕರು ಕೇಳಬೇಕು, ಮಿಷನ್ ಇಟ್ಟವರು ಕೇಳಬೇಕು, ಡೀಲರ್‌ಗಳೂ ನಮ್ಮ ಜೊತೆ ನಿಂತು ಕೇಳಬೇಕು.

ಈ ಬಂಕ್‌ಗೆ ನಾನು ಕೊಡುವುದು: ಸೇವೆ, ಅಳತೆ, ಶುಚಿಗೆ ಐದಕ್ಕೆ ಐದು. ರೇಟಿಗೆ ನಾಲ್ಕು. ಉದ್ರಿಗೆ ಒಂದೂ ಇಲ್ಲ. ಸುಗ್ಗಿಯ ಭರವಸೆಗೆ ಎರಡು. ಎರಡಾದರೂ ಯಾಕೆ ಅಂದರೆ, ಆಮೇಲಿನ ಹಂಗಾಮುಗಳಲ್ಲಿ ಇಲ್ಲಿ ನನಗೆ ಸ್ಟಾಕ್ ಇಲ್ಲ ಅನ್ನುವ ಮಾತು ಬಂದಿಲ್ಲ.

ನಾವು ಈಗ ಮಾಡುವುದು ಹೀಗೆ. ಲಾರಿಗಳಿಗೆ ಇಲ್ಲೇ, ಕಾರ್ಡಿನಲ್ಲಿ. ಚೈನ್ ಮಿಷನ್‌ಗೆ ಮತ್ತು ಟ್ರ್ಯಾಕ್ಟರ್‌ಗೆ ಊರೊಳಗಿನ ಹಳೇ ಬಂಕ್, ಪುಸ್ತಕದಲ್ಲಿ. ಸುಗ್ಗಿ ಇಲ್ಲದ ತಿಂಗಳಲ್ಲೂ ಅಲ್ಲಿನ ಖಾತೆ ಖಾಲಿ ಬಿಡುವುದಿಲ್ಲ, ಸ್ವಲ್ಪವಾದರೂ ಹಾಕಿಸುತ್ತೇವೆ. ಕಾರ್ಡಿಗೆ ಒಂದು ವಾರಕ್ಕೆ ಬೇಕಾದಷ್ಟೇ ದುಡ್ಡು ತುಂಬುತ್ತೇನೆ, ಜಾಸ್ತಿ ಇಡುವುದಿಲ್ಲ. ಖಾತೆ ತೆರೆಯುವವರು ಗಾಡಿಯ ಆರ್‌ಸಿ, ಪ್ಯಾನ್ ಕಾರ್ಡ್ ತೆಗೆದುಕೊಂಡು ಬೆಳಿಗ್ಗೆ ಹೋಗಿ, ಸಂಜೆ ಲಾರಿಗಳ ಗದ್ದಲ ಇರುತ್ತದೆ. ಕಾರ್ಡಿನಲ್ಲಿ ಉಳಿದ ದುಡ್ಡು ವಾಪಸ್ ಬೇಕಾದರೆ ಯಾರನ್ನು ಕೇಳಬೇಕು ಅನ್ನುವುದನ್ನು ಸಹಿ ಹಾಕುವ ಮೊದಲೇ ಮ್ಯಾನೇಜರ್ ಹತ್ತಿರ ಬರೆಸಿಕೊಳ್ಳಿ.